ಬಿಎ ಅಂದ್ರ ಯಾವ ಬಿಎ?

"ಎಲ್ಲಾ ಬಿಎ ಒಂದೇ ಅದರಿ, ಯಾವ್ದರ ಒಂದು ಹಾಕಿಬಿಡ್ರಿ." ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ ಕಲಬುರಗಿಯ ಸ್ಟೇಶನ್ ಬಜಾರದ ಝೆರಾಕ್ಸ್ ಅಂಗಡಿ, ಆನ್‌ಲೈನ್ ಸೆಂಟರ್‌ಗಳ ಮುಂದೆ ನಿಂತರೆ ಈ ಮಾತು ಕಿವಿಗೆ ಬೀಳದೆ ಇರದು. ಹೇಳುವವರು ಅಪ್ಪನೋ ಕಾಕಾನೋ ಆಗಿರುತ್ತಾರೆ. ವಾಡಿ, ಶಹಾಬಾದ್ ಕಡೆಯಿಂದ ರೈಲಿಗೆ ಬಂದಿರುತ್ತಾರೆ, ಇಲ್ಲವೇ ಕಮಲಾಪುರದಿಂದ ಬಸ್ಸಿಗೆ. ಸಂಜೆಯೊಳಗೆ ಊರು ಮುಟ್ಟಬೇಕು. ಕಂಪ್ಯೂಟರ್ ಮುಂದೆ ಕೂತ ಹುಡುಗ "ಕಾಂಬಿನೇಶನ್ ಯಾವ್ದ್ರಿ?" ಎಂದು ಕೇಳುತ್ತಾನೆ. ಇವರು ಮಗಳ ಮುಖ ನೋಡುತ್ತಾರೆ, ಮಗಳು ನೆಲ ನೋಡುತ್ತಾಳೆ. ಕಡೆಗೆ ಆ ಹುಡುಗನೇ "ಎಚ್‌ಇಪಿ ಹಾಕ್ಲೇನ್ರಿ? ಎಲ್ಲಾರೂ ಅದೇ ತಗೋತಾರ" ಎನ್ನುತ್ತಾನೆ. ಹೂಂ ಅಂದರೆ ಮುಗಿಯಿತು.

ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದುವುದು ತಪ್ಪಲ್ಲ. ಒಳ್ಳೆಯ ಜೋಡಣೆಯೇ ಅದು. ಆದರೆ ಮಗಳಿಗೆ ಮನಃಶಾಸ್ತ್ರದ ಕಡೆ ಒಲವಿತ್ತೋ, ಭೂಗೋಳದಲ್ಲಿ ನೂರಕ್ಕೆ ತೊಂಬತ್ತು ಬಂದಿತ್ತೋ ಎಂದು ಯಾರೂ ಕೇಳಲಿಲ್ಲವಲ್ಲ! ಬಿಎ ಎನ್ನುವುದು ಪ್ರಮಾಣಪತ್ರದ ಮೇಲಿನ ಎರಡಕ್ಷರ ಮಾತ್ರ. ಮುಂದೆ ಎಂಎ ಸೀಟು, ಬಿಎಡ್, ಶಿಕ್ಷಕರ ನೇಮಕಾತಿ ಎಲ್ಲ ಕಡೆ ಕೇಳುವುದು ಅದರೊಳಗಿನ ವಿಷಯಗಳನ್ನು. ಕಲಾ ವಿಭಾಗಕ್ಕೆ ಸೇರಲಿರುವವರು ಸ್ಟೇಶನ್ ಬಜಾರದಿಂದ ಒಂದು ತಾಸಿನ ದಾರಿಯೊಳಗೆ ಏನೇನು ಓದಬಹುದು, ಯಾವುದಕ್ಕೆ ಯಾವ ಬಾಗಿಲು ತಟ್ಟಬೇಕು ಎಂಬುದನ್ನು ಮೊದಲು ತಿಳಿದುಕೊಳ್ಳಲಿ ಎಂಬುದಕ್ಕೆ ಈ ಬರಹ.

ಯಾವ ಬಾಗಿಲು ಎಲ್ಲಿ

ಬೆಂಗಳೂರಿನಲ್ಲಿ ಈಗ 'ಲಿಬರಲ್ ಆರ್ಟ್ಸ್' ಎಂಬ ಹೆಸರಿಗೆ ಬಹಳ ಬೇಡಿಕೆ. ಒಂದು ವಿಷಯವನ್ನು ಆಳವಾಗಿ ಓದುತ್ತಲೇ ಸಾಹಿತ್ಯ, ಸಮಾಜಶಾಸ್ತ್ರ, ವಿಜ್ಞಾನ, ಕಲೆಗಳ ಪಾಠವನ್ನೂ ಕೇಳುವ ವ್ಯವಸ್ಥೆ ಅದು. 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ನಾಲ್ಕು ವರ್ಷದ ಇಂಥ ಪದವಿ ಕೊಡುತ್ತದೆ. ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವನ್ನೂ ಕೊಡುತ್ತದೆ. ಆದ್ದರಿಂದ ಅದು ಶ್ರೀಮಂತರ ಮಕ್ಕಳಿಗೆ ಮಾತ್ರ ಎಂದು ತಿಳಿಯಬೇಕಿಲ್ಲ, ಒಂದು ಅರ್ಜಿ ಹಾಕಿ ನೋಡಬಹುದು. ಆದರೆ ವಿಷಯಗಳ ವೈವಿಧ್ಯವೇ ಬೇಕೆಂದರೆ ಅದಕ್ಕಾಗಿ ಬೆಂಗಳೂರಿನ ರೈಲು ಹತ್ತಲೇಬೇಕೆಂದಿಲ್ಲ.

ಕಲಬುರಗಿಯಲ್ಲಿ ಬಾಗಿಲುಗಳು ಮೂರು ಬಗೆಯವು, ಮತ್ತು ಒಂದೊಂದರ ನಿಯಮವೂ ಬೇರೆ.

ಮೊದಲನೆಯದು ಗುಲಬರ್ಗಾ ವಿಶ್ವವಿದ್ಯಾಲಯ. ಈ ಭಾಗದ ಕಾಲೇಜುಗಳು ಒಂದು ಕಾಲಕ್ಕೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಕೆಳಗಿದ್ದವು. ರಾಜ್ಯ ಪುನರ್ವಿಂಗಡಣೆಯ ನಂತರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಬಂದವು. ಧಾರವಾಡದ ಸ್ನಾತಕೋತ್ತರ ಕೇಂದ್ರವೊಂದು 1970ರಲ್ಲಿ ಇಲ್ಲಿ ತೆರೆಯಿತು. ಅದೇ 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಜ್ಞಾನಗಂಗಾ ಆವರಣದಲ್ಲಿ ನಡೆಯುವುದು ಮುಖ್ಯವಾಗಿ ಎಂಎ, ಎಂಎಸ್ಸಿ, ಪಿಎಚ್‌ಡಿ. ಮೂರು ವರ್ಷದ ಬಿಎ ಬೇಕಾದವರು ಅದಕ್ಕೆ ಸೇರಿದ ಕಾಲೇಜುಗಳಿಗೆ ಹೋಗಬೇಕು. ಪಿಯುಸಿ ಮುಗಿಸಿದವರು ನೇರವಾಗಿ ಜ್ಞಾನಗಂಗಾಕ್ಕೆ ಹೋಗಿ ಬಿಎ ಫಾರ್ಮ್ ಕೇಳಿ ಹಿಂದಿರುಗುವುದುಂಟು. ಆ ಓಡಾಟ ಉಳಿಸಿಕೊಳ್ಳಿ.

ಎರಡನೆಯದು ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ. 2009ರ ಕೇಂದ್ರ ಕಾಯ್ದೆಯಿಂದ ಹುಟ್ಟಿದ್ದು. ಇಲ್ಲಿ ಪದವಿಯೂ ಇದೆ, ಸ್ನಾತಕೋತ್ತರವೂ ಇದೆ. ಪಾಠ ಬಹುಪಾಲು ಇಂಗ್ಲಿಷಿನಲ್ಲಿ. ಪ್ರವೇಶ ಸಿಯುಇಟಿ ಪರೀಕ್ಷೆಯ ಮೂಲಕ.

ಮೂರನೆಯದು ಖಾಸಗಿ ವಿಶ್ವವಿದ್ಯಾಲಯಗಳು. 2017ರಲ್ಲಿ ಆರಂಭವಾದ ಶರಣಬಸವ ವಿಶ್ವವಿದ್ಯಾಲಯ ಒಂದು, ಮರುವರ್ಷದ ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯ ಇನ್ನೊಂದು. ಎರಡೂ ಎಂಜಿನಿಯರಿಂಗ್‌ಗೆ, ಎರಡನೆಯದು ವೈದ್ಯಕೀಯಕ್ಕೂ ಹೆಸರಾಗಿವೆ. ಭಾಷೆ, ಸಮಾಜವಿಜ್ಞಾನ, ಪತ್ರಿಕೋದ್ಯಮದ ಕೋರ್ಸುಗಳೂ ಅಲ್ಲಿವೆ ಎಂಬುದು ಊರಿನವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಶುಲ್ಕ ಸರ್ಕಾರಿ ಕಾಲೇಜಿಗಿಂತ ಹೆಚ್ಚು. ಮೂರು ವರ್ಷದ ಒಟ್ಟು ಶುಲ್ಕ ಎಷ್ಟು, ಪರೀಕ್ಷಾ ಶುಲ್ಕ ಬೇರೆಯೇ ಎಂದು ಕೇಳಿ, ಬರೆದುಕೊಂಡು ಬನ್ನಿ.

ಚಿತ್ರ ಬಿಡಿಸುವ ಮಕ್ಕಳಿಗೆ ಇಲ್ಲಿ ಹಳೆಯ ದಾರಿಯೊಂದಿದೆ. ಹಿಂದಿ ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳಿಂದ ದೇಶಕ್ಕೆಲ್ಲ ಪರಿಚಿತರಾದ ಎಸ್.ಎಂ. ಪಂಡಿತ್ ಕಲಬುರಗಿಯವರು. ಎಂಎಂಕೆ ದೃಶ್ಯಕಲಾ ಮಹಾವಿದ್ಯಾಲಯ, ಐಡಿಯಲ್ ಫೈನ್ ಆರ್ಟ್ ಸಂಸ್ಥೆಗಳು ಆ ಪರಂಪರೆಯನ್ನು ನಡೆಸಿಕೊಂಡು ಬಂದಿವೆ. "ಚಿತ್ರಾ ಬರದು ಹೊಟ್ಟಿ ತುಂಬತದೇನು?" ಎನ್ನುವವರು ಶಾಲೆಗಳ ಚಿತ್ರಕಲಾ ಶಿಕ್ಷಕರು, ಅನಿಮೇಷನ್, ಜಾಹೀರಾತು, ಪುಸ್ತಕ ವಿನ್ಯಾಸ ಎಂಬ ಕೆಲಸಗಳನ್ನು ಒಮ್ಮೆ ಎಣಿಸಲಿ. ಪೋರ್ಟ್‌ಫೋಲಿಯೊ ಎಂದು ಕರೆಯುವ ಚಿತ್ರಗಳ ಕಡತವನ್ನು ಪಿಯುಸಿಯಲ್ಲಿದ್ದಾಗಲೇ ಕೂಡಿಡತೊಡಗಿದರೆ ಅನುಕೂಲ.

ಮೂರು ವಿಷಯದ ಲೆಕ್ಕ

ಈಗ ಅಸಲು ವಿಷಯ. 2021–22ರಲ್ಲಿ ರಾಜ್ಯದ ವಿಶ್ವವಿದ್ಯಾಲಯಗಳಿಗೆ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು. 2024–25ರಿಂದ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು ಮೂರು ವರ್ಷದ, ಮೂರು ಮುಖ್ಯ ವಿಷಯಗಳ ಪದವಿಗೆ ಮರಳಿತು. ಹಾಗಾಗಿ ಅಣ್ಣನ ಕಾಲದ ನಿಯಮ ತಂಗಿಗೆ ಅನ್ವಯಿಸದು. ಅಣ್ಣ ತನ್ನ ಅನುಭವದಿಂದ ಹೇಳಿದ್ದನ್ನು ಕೇಳಿ, ಆದರೆ ಕಾಲೇಜಿನ ಕಚೇರಿಯಲ್ಲಿ ಈ ವರ್ಷದ ಪಟ್ಟಿ ನೋಡಿಯೇ ನಿರ್ಧರಿಸಿ. ಕೇಂದ್ರೀಯ ವಿಶ್ವವಿದ್ಯಾಲಯ ಮಾತ್ರ ನಾಲ್ಕು ವರ್ಷದ ವ್ಯವಸ್ಥೆಯಲ್ಲೇ ಇದೆ. ಅಲ್ಲಿ ಮೂರನೇ ವರ್ಷಕ್ಕೆ ಪದವಿ ಪಡೆದು ಹೊರಬರಬಹುದು, ನಾಲ್ಕನೇ ವರ್ಷ ಓದಿದರೆ ಆನರ್ಸ್.

ಮೂರು ವಿಷಯ ಆರಿಸುವಾಗ ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಬೇಕು. ಅಂದರೆ ಮೊದಲು ಪದವಿಯ ನಂತರದ ಹೆಜ್ಜೆ ಯಾವುದೆಂದು ಅಂದಾಜು ಮಾಡಿ, ಆಮೇಲೆ ವಿಷಯಕ್ಕೆ ಬನ್ನಿ.

ಶಿಕ್ಷಕರಾಗಬೇಕೆಂಬ ಆಸೆ ನಮ್ಮ ಭಾಗದಲ್ಲಿ ಹೆಚ್ಚು. ಬಿಎಡ್‌ನಲ್ಲಿ ಎರಡು ಬೋಧನಾ ವಿಷಯ ತೆಗೆದುಕೊಳ್ಳಬೇಕಾಗುತ್ತದೆ. ಅವು ಪದವಿಯಲ್ಲಿ ಓದಿದವೇ ಆಗಿರಬೇಕು, ಮತ್ತು ಶಾಲೆಯಲ್ಲಿ ಕಲಿಸುವಂಥವೂ ಆಗಿರಬೇಕು. ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಐಚ್ಛಿಕ ಕನ್ನಡ, ಐಚ್ಛಿಕ ಇಂಗ್ಲಿಷ್ ಇವುಗಳಲ್ಲಿ ಎರಡಾದರೂ ಇದ್ದರೆ ಚಿಂತೆ ಕಡಿಮೆ. ಪತ್ರಿಕೋದ್ಯಮ, ಮನಃಶಾಸ್ತ್ರ, ಅಪರಾಧಶಾಸ್ತ್ರ ಎಂದು ಮೂರೂ ಶಾಲೆಯ ಆಚೆಯ ವಿಷಯಗಳನ್ನೇ ಹಿಡಿದರೆ ಓದು ಸೊಗಸಾಗಿರಬಹುದು, ಆದರೆ ಶಿಕ್ಷಕರ ನೇಮಕಾತಿಯ ಅಧಿಸೂಚನೆ ಬಂದ ದಿನ ತೊಂದರೆ. ಐಚ್ಛಿಕ ಎಂಬ ಮಾತನ್ನೂ ಗಮನಿಸಿ. ಎಲ್ಲರೂ ಭಾಷಾ ಪತ್ರಿಕೆಯಾಗಿ ಕನ್ನಡ ಓದಿರುತ್ತಾರೆ. ಅದು ಬೇರೆ, ಮೂರು ಮುಖ್ಯ ವಿಷಯಗಳಲ್ಲಿ ಒಂದಾಗಿ ಓದುವ ಕನ್ನಡ ಬೇರೆ. ಕನ್ನಡ ಮೇಷ್ಟ್ರಾಗುವ ಆಸೆ ಇದ್ದವರು ಎರಡನೆಯದನ್ನು ಕೇಳಿ ಪಡೆಯಬೇಕು.

ಎಂಎ ಮಾಡುವವರಿಗೂ ಇದೇ ಮಾತು. ಅರ್ಥಶಾಸ್ತ್ರ, ಮನಃಶಾಸ್ತ್ರ, ಭೂಗೋಳದಂಥ ವಿಷಯಗಳ ಸ್ನಾತಕೋತ್ತರ ಸೀಟಿಗೆ ಸಾಮಾನ್ಯವಾಗಿ ಪದವಿಯಲ್ಲಿ ಅದೇ ವಿಷಯ ಓದಿರಬೇಕು. ಸಮಾಜಕಾರ್ಯ, ಪತ್ರಿಕೋದ್ಯಮ, ಗ್ರಂಥಾಲಯ ವಿಜ್ಞಾನಗಳಿಗೆ ಯಾವ ಪದವೀಧರರೂ ಹೋಗಬಹುದು. ಮೂರು ವರ್ಷದ ಕಾನೂನು ಪದವಿಯೂ ಹಾಗೆಯೇ. ಹಾಗಾಗಿ ಪತ್ರಕರ್ತರಾಗಬೇಕು ಎನ್ನುವ ಹುಡುಗ ಬಿಎಯಲ್ಲೇ ಪತ್ರಿಕೋದ್ಯಮ ಓದಬೇಕೆಂದೇನಿಲ್ಲ. ಅರ್ಥಶಾಸ್ತ್ರವನ್ನೋ ಇತಿಹಾಸವನ್ನೋ ಗಟ್ಟಿಯಾಗಿ ಓದಿಕೊಂಡು ಎಂಎಯಲ್ಲಿ ಪತ್ರಿಕೋದ್ಯಮಕ್ಕೆ ಹೋದರೆ ಬರೆಯಲು ಸರಕಾದರೂ ಇರುತ್ತದೆ. ನನ್ನ ಅಭಿಪ್ರಾಯ ಅದೇ. ಒಪ್ಪದವರೂ ಇದ್ದಾರೆ.

ಕೆಎಎಸ್, ಐಎಎಸ್‌ಗೆ ಯಾವ ಪದವಿಯಾದರೂ ನಡೆಯುತ್ತದೆ. ಕೇಂದ್ರ ಲೋಕಸೇವಾ ಆಯೋಗದ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಕನ್ನಡ ಸಾಹಿತ್ಯವೂ ಇದೆ. ಇಡೀ ಊರು ಎಚ್‌ಇಪಿ ಹಿಡಿಯುವುದಕ್ಕೆ ಈ ಪರೀಕ್ಷೆಗಳೇ ಮುಖ್ಯ ಕಾರಣ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಭೂಗೋಳವೂ ಅದೇ ಪರೀಕ್ಷೆಗೆ ಅಷ್ಟೇ ಉಪಯೋಗಕ್ಕೆ ಬರುತ್ತದೆ, ಜೊತೆಗೆ ಉಪಗ್ರಹ ಚಿತ್ರ, ಜಿಐಎಸ್ ನಕ್ಷೆಯ ಕೆಲಸಗಳಿಗೂ ದಾರಿ ಮಾಡಿಕೊಡುತ್ತದೆ. ತೊಗರಿ ಬೆಳೆ, ಬರಗಾಲ, ಭೀಮಾ ನದಿಯ ಪ್ರವಾಹ ಇವನ್ನೆಲ್ಲ ಕಣ್ಣಾರೆ ಕಂಡು ಬೆಳೆದ ಮಕ್ಕಳಿಗೆ ಅದು ಪರಕೀಯ ವಿಷಯವೂ ಅಲ್ಲ. ನಮ್ಮಲ್ಲಿ ಅದನ್ನು ಕಡೆಗಣಿಸಿದ್ದೇ ಹೆಚ್ಚು. ಕಾಲೇಜಿನಲ್ಲಿ ಭೂಗೋಳ ಇದೆಯೇ, ಅದಕ್ಕೆ ಪ್ರಯೋಗಾಲಯ ಮತ್ತು ಕಾಯಂ ಅಧ್ಯಾಪಕರು ಇದ್ದಾರೆಯೇ ಎಂದು ವಿಚಾರಿಸಿ.

ಕಾಯಂ ಅಧ್ಯಾಪಕರ ಪ್ರಶ್ನೆ ಎಲ್ಲ ವಿಷಯಕ್ಕೂ ಕೇಳಬೇಕಾದದ್ದೇ. ಫಲಕದ ಮೇಲೆ ಹತ್ತು ಕಾಂಬಿನೇಶನ್ ಬರೆದಿದ್ದರೂ ಪಾಠ ನಡೆಯುವುದು ನಾಲ್ಕಕ್ಕೆ ಮಾತ್ರ ಆಗಿರಬಹುದು. ಎರಡನೇ, ಮೂರನೇ ವರ್ಷದ ಹುಡುಗರನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿದರೆ ಕಚೇರಿಯಲ್ಲಿ ಸಿಗದ ಸುದ್ದಿ ಸಿಗುತ್ತದೆ.

ಸೇರುವ ಕ್ರಮ ಹೀಗಿದೆ: ರಾಜ್ಯ ವಿಶ್ವವಿದ್ಯಾಲಯಗಳ ಪದವಿ ಕಾಲೇಜುಗಳಿಗೆ ಅರ್ಜಿ ಯುಯುಸಿಎಂಎಸ್ ಎಂಬ ಒಂದೇ ತಾಣದಲ್ಲಿ. ಅಲ್ಲಿ ಕೊಟ್ಟ ಮೊಬೈಲ್ ಸಂಖ್ಯೆ, ಪಾಸ್‌ವರ್ಡ್ ಮೂರು ವರ್ಷವೂ ಬೇಕಾಗುತ್ತವೆ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲ ಅಲ್ಲೇ. ಅಂಗಡಿಯವನ ಮೊಬೈಲ್ ಸಂಖ್ಯೆ ಹಾಕಿಸಿ ಬರಬೇಡಿ.

ಕಡಗಂಚಿಗೆ ಹೋಗುವವರು ಮಾರ್ಚ್‌ವರೆಗೆ ಕಾಯಬಾರದು

ಕೇಂದ್ರೀಯ ವಿಶ್ವವಿದ್ಯಾಲಯ ಮನೆಯ ಹತ್ತಿರ ಇದ್ದೂ ನಮ್ಮ ಮಕ್ಕಳ ಕೈತಪ್ಪುವುದಕ್ಕೆ ಅಂಕಕ್ಕಿಂತ ದಿನಾಂಕವೇ ದೊಡ್ಡ ಕಾರಣ. ಪಿಯುಸಿ ಫಲಿತಾಂಶ ಬಂದ ಮೇಲೆ ನೋಡೋಣ ಎಂದುಕೊಂಡಿರುತ್ತಾರೆ. ಫಲಿತಾಂಶ ಬರುವುದು ಏಪ್ರಿಲ್‌ಗೆ. ಸಿಯುಇಟಿ ಅರ್ಜಿಯ ಕೊನೆಯ ದಿನಾಂಕ ಅಷ್ಟರಲ್ಲಿ ಮುಗಿದಿರುತ್ತದೆ. 2025ರಲ್ಲಿ ಅರ್ಜಿ ಮಾರ್ಚ್‌ನಲ್ಲಿತ್ತು, 2026ಕ್ಕೆ ಅದು ಜನವರಿಗೇ ಬಂತು. ಕೇರಳ, ಒಡಿಶಾ, ಬಿಹಾರದ ಮಕ್ಕಳು ಹುಡುಕಿಕೊಂಡು ಬಂದು ಕಡಗಂಚಿಯಲ್ಲಿ ಓದುತ್ತಾರೆ. ಆಳಂದ, ಕಮಲಾಪುರದ ಮಕ್ಕಳಿಗೆ ಪರೀಕ್ಷೆಯ ಹೆಸರೇ ತಿಳಿದಿರುವುದಿಲ್ಲ. ಪಿಯು ಕಾಲೇಜಿನ ಪ್ರಾಚಾರ್ಯರು ಡಿಸೆಂಬರಿನಲ್ಲಿ ಒಂದು ದಿನ ಕಲಾ ವಿಭಾಗದ ತರಗತಿಗೆ ಹೋಗಿ ಇದನ್ನು ಹೇಳಿದರೂ ಸಾಕು, ಎಷ್ಟೋ ಬದಲಾದೀತು.

ಪರೀಕ್ಷೆ ಕಂಪ್ಯೂಟರಿನಲ್ಲಿ. ಒಬ್ಬರು ಭಾಷೆ, ಸಾಮಾನ್ಯ ಪರೀಕ್ಷೆ ಸೇರಿ ಐದು ವಿಷಯದವರೆಗೆ ಆಯ್ದುಕೊಳ್ಳಬಹುದು. ಒಂದೊಂದಕ್ಕೆ 60 ನಿಮಿಷ, 50 ಪ್ರಶ್ನೆ. ಸರಿ ಉತ್ತರಕ್ಕೆ 5 ಅಂಕ, ತಪ್ಪಿಗೆ 1 ಅಂಕ ಕಡಿತ. 13 ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡವೂ ಅದರಲ್ಲಿ ಒಂದು. ಕನ್ನಡ ಮಾಧ್ಯಮದಲ್ಲಿ ಇತಿಹಾಸ ಓದಿದವರು ಇತಿಹಾಸದ ಪ್ರಶ್ನೆಗಳನ್ನು ಕನ್ನಡದಲ್ಲೇ ಬಿಡಿಸಬಹುದು ಎಂಬುದನ್ನು ಬಹಳ ಜನ ನಂಬುವುದೇ ಇಲ್ಲ. ಒಂದು ಎಚ್ಚರ: ಯಾವ ಕೋರ್ಸಿಗೆ ಸಿಯುಇಟಿಯ ಯಾವ ವಿಷಯ ಬರೆದಿರಬೇಕು ಎಂಬುದನ್ನು ವಿಶ್ವವಿದ್ಯಾಲಯವೇ ಗೊತ್ತುಮಾಡುತ್ತದೆ. ಅರ್ಜಿ ತುಂಬುವ ಮೊದಲು ಆ ಪಟ್ಟಿ ನೋಡದಿದ್ದರೆ ಅಂಕ ಬಂದೂ ಸೀಟು ಸಿಗದೆ ಹೋಗಬಹುದು.

ಅಲ್ಲಿ ಏನಿದೆ? ಅರ್ಥಶಾಸ್ತ್ರ, ಇಂಗ್ಲಿಷ್, ಇತಿಹಾಸ, ಮನಃಶಾಸ್ತ್ರ, ಭೂಗೋಳ ಇದ್ದೇ ಇವೆ. ಜೊತೆಗೆ ಭಾಷಾವಿಜ್ಞಾನ, ಸಂಗೀತ ಮತ್ತು ಲಲಿತಕಲೆ, ಜಾನಪದ ಮತ್ತು ಬುಡಕಟ್ಟು ಅಧ್ಯಯನ, ಕನ್ನಡ ಸಾಹಿತ್ಯ ಮತ್ತು ಸಂಸ್ಕೃತಿ, ಸಮಾಜಕಾರ್ಯದ ವಿಭಾಗಗಳಿವೆ. ಕೆಲವು ಪದವಿ ಮಟ್ಟದಲ್ಲಿ, ಕೆಲವು ಸ್ನಾತಕೋತ್ತರದಲ್ಲಿ ಮಾತ್ರ. ಆ ವರ್ಷದ ಪ್ರಾಸ್ಪೆಕ್ಟಸ್ ಬಿಟ್ಟು ಬೇರೆ ಯಾರ ಮಾತನ್ನೂ ನೆಚ್ಚಬೇಡಿ. ನಾಲ್ಕು ವರ್ಷದ ಪದವಿಯ ಇನ್ನೊಂದು ಲಾಭ 2024ರಿಂದ ಬಂದಿದೆ. ಅದರಲ್ಲಿ ಶೇ 75 ಅಂಕ ಪಡೆದವರು ಎಂಎ ಇಲ್ಲದೆಯೇ ಯುಜಿಸಿ ನೆಟ್ ಬರೆದು ಪಿಎಚ್‌ಡಿಗೆ ಹೋಗಬಹುದು.

ಕಮಲಾಪುರದವರಿಗೆ ಒಂದು ಭೂಗೋಳದ ತೊಡಕಿದೆ. ಕಮಲಾಪುರ ಇರುವುದು ಹುಮನಾಬಾದ್ ರಸ್ತೆಯಲ್ಲಿ, ಕಡಗಂಚಿ ಆಳಂದ ರಸ್ತೆಯಲ್ಲಿ. ನಡುವೆ ಕಲಬುರಗಿಗೆ ಬಂದು ಬಸ್ಸು ಬದಲಿಸಬೇಕು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಹುಡುಗರಿಗೆ ವಿದ್ಯಾರ್ಥಿ ಪಾಸು ಇದೆ. ಆದರೂ ದಿನದ ಓಡಾಟ ಮೈಗೆ ಒಗ್ಗದು. ಕಡಗಂಚಿಗೆ ಸೇರುವುದಾದರೆ ಹಾಸ್ಟೆಲ್ ಅರ್ಜಿಯನ್ನೂ ಜೊತೆಗೇ ಹಾಕಿ. ಕಲಬುರಗಿಯ ಕಾಲೇಜಾದರೆ ಊರಿನಿಂದಲೇ ಓಡಾಡಬಹುದು.

ಓದಿನ ನೆಲ ಇಲ್ಲೇ ಇದೆ

ವಿಷಯ ಆರಿಸುವಾಗ ಇನ್ನೂ ಒಂದನ್ನು ನೋಡಬೇಕು. ಕೆಲವು ವಿಷಯಗಳನ್ನು ಕಲಬುರಗಿಯಲ್ಲಿ ಓದಿದಷ್ಟು ಚೆನ್ನಾಗಿ ಬೇರೆ ಕಡೆ ಓದಲಾಗದು.

ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ 1058ರ ಶಾಸನವೊಂದಿದೆ. ಅಲ್ಲಿನ ಘಟಿಕಾಸ್ಥಾನದಲ್ಲಿ ವೇದ ಓದುವ 200 ಮಂದಿ, ಶಾಸ್ತ್ರ ಓದುವ ಐವತ್ತರಷ್ಟು ಮಂದಿ, ಅವರಿಗೆ ಕಲಿಸುವವರು, ಪುಸ್ತಕ ಕಾಯುವ ಆರು ಜನ ಸರಸ್ವತೀ ಭಂಡಾರಿಗರು ಇದ್ದರೆಂದು, ಅವರವರಿಗೆ ಬಿಟ್ಟ ಭೂಮಿಯ ಲೆಕ್ಕದ ಸಮೇತ ಅದು ಹೇಳುತ್ತದೆ. ಕಾಲೇಜಿಗೆ ಆರು ಜನ ಗ್ರಂಥಪಾಲಕರು! ಇವತ್ತು ಒಬ್ಬರಿದ್ದರೆ ಪುಣ್ಯ. ಗ್ರಂಥಾಲಯ ವಿಜ್ಞಾನ ಓದುವವರು, ಶಾಸನಶಾಸ್ತ್ರಕ್ಕೆ ಮನಸ್ಸಿರುವ ಕನ್ನಡ ವಿದ್ಯಾರ್ಥಿಗಳು ಒಮ್ಮೆಯಾದರೂ ಅಲ್ಲಿಗೆ ಹೋಗಿ ಬರಬೇಕು. ಅದೇ ತಾಲ್ಲೂಕಿನ ಸನ್ನತಿ, ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಅವಶೇಷಗಳಿವೆ. ಅಶೋಕನ ಹೆಸರು ಕೆತ್ತಿದ ಅವನ ಶಿಲ್ಪ ಸಿಕ್ಕಿದ್ದು ಅಲ್ಲಿ. ಸೇಡಂ ರಸ್ತೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿ, ಕವಿರಾಜಮಾರ್ಗದ ಊರು. ಹಿಂದೂ ಉತ್ತರಾಧಿಕಾರದ ಕಾನೂನಿಗೆ ಶತಮಾನಗಳ ಕಾಲ ಆಧಾರವಾಗಿದ್ದ ಮಿತಾಕ್ಷರದ ಕರ್ತೃ ವಿಜ್ಞಾನೇಶ್ವರನ ನಂಟು ಶಹಾಬಾದ್ ಬಳಿಯ ಮರತೂರಿನದು. ಕಾನೂನು ಓದುವವರು ಈ ಪುಸ್ತಕದ ಹೆಸರು ಕೇಳದೆ ಪಾಸಾಗುವಂತಿಲ್ಲ. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯ ಮೊದಲು ಆಳಿದ್ದು ನಮ್ಮ ಕೋಟೆಯಿಂದ, ದಖನಿಯ ನುಡಿ ಬೆಳೆದದ್ದು ಬಂದಾನವಾಜ್ ದರ್ಗಾದಂಥ ಸೂಫಿ ನೆಲೆಗಳ ಸುತ್ತ.

ಇದು ಹೆಮ್ಮೆಗಾಗಿ ಕೊಟ್ಟ ಪಟ್ಟಿಯಲ್ಲ. ಕನ್ನಡದ ಜೊತೆ ಉರ್ದು ಮತ್ತು ಪರ್ಷಿಯನ್, ಮರಾಠಿ, ಸಂಸ್ಕೃತದ ವಿಭಾಗಗಳೂ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿವೆ. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ ಮಾತಾಡುವ ಹುಡುಗಿಗೆ ಅನುವಾದವೋ ಇತಿಹಾಸ ಸಂಶೋಧನೆಯೋ ಸುಲಭವಾಗಿ ಒದಗುವ ಕಸುಬು. ಬಹಮನಿ ಕಾಲದ ದಾಖಲೆ ಓದಬಲ್ಲ, ಕನ್ನಡವೂ ಬಲ್ಲ ಸಂಶೋಧಕರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಪೈಪೋಟಿ ಕಡಿಮೆ ಇರುವ ಕಡೆ ಹೋಗುವುದೂ ಒಂದು ಜಾಣತನವೇ.

ಕಾಗದಪತ್ರ, ಮೀಸಲು, ದುಡ್ಡು

ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಈ ಭಾಗದವರಿಗೆ ಮೀಸಲು. ಉಳಿದ ಕರ್ನಾಟಕದ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಇದಕ್ಕೆ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಸೀಟಿಗೂ ಬೇಕು, ನಾಳೆ ನೌಕರಿಗೂ ಬೇಕು. ಪ್ರವೇಶದ ವಾರ ಕಚೇರಿಗೆ ಓಡಿದರೆ ಸಾಲು ಮುಗಿಯುವುದಿಲ್ಲ, ಪಿಯುಸಿ ಮೊದಲ ವರ್ಷದಲ್ಲೇ ಮಾಡಿಸಿಟ್ಟುಕೊಳ್ಳಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಖಾತೆ ಎರಡೂ ಸರಿ ಇದ್ದರೆ ಎಸ್‌ಎಸ್‌ಪಿ ತಾಣದ ವಿದ್ಯಾರ್ಥಿವೇತನದ ಅರ್ಜಿ ಹತ್ತು ನಿಮಿಷದ ಕೆಲಸ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇದ್ದರೆ ಅದೇ ಹತ್ತು ವಾರವಾಗುತ್ತದೆ.

ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನ 2025–26ರಿಂದ ಕರ್ನಾಟಕದಲ್ಲೂ ಶುರುವಾಗಿದೆ. ಕಾಲೇಜಿನ ಕಚೇರಿಯಲ್ಲಿ ಕೇಳಿ.

ಹೊಲ, ಅಂಗಡಿ, ಕೂಲಿ ಬಿಟ್ಟು ದಿನಾ ಕಾಲೇಜಿಗೆ ಹೋಗಲಾಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ, ಕಲಬುರಗಿಯಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. 2022ರಿಂದ ಯುಜಿಸಿ ಒಟ್ಟಿಗೆ ಎರಡು ಪದವಿ ಓದಲೂ ಅವಕಾಶ ಕೊಟ್ಟಿದೆ. ಹಾಗಾಗಿ ಕಾಲೇಜಿನಲ್ಲಿ ಬಿಎ ಓದುತ್ತಲೇ ದೂರಶಿಕ್ಷಣದಲ್ಲಿ ಇನ್ನೊಂದು ಕೋರ್ಸು ಮಾಡಬಹುದು. ಆದರೆ "ಒಂದೇ ವರ್ಷದಾಗ ಡಿಗ್ರಿ ಕೊಡಸ್ತೀವಿ" ಎಂಬ ಬೋರ್ಡು ಕಂಡರೆ ಆ ಅಂಗಡಿಯ ಮೆಟ್ಟಿಲನ್ನೇ ಹತ್ತಬೇಡಿ. ಅಂಥ ಪದವಿ ನೇಮಕಾತಿಯ ದಾಖಲೆ ಪರಿಶೀಲನೆಯ ದಿನ ಕೈಕೊಡುತ್ತದೆ. ಯಾವ ವಿಶ್ವವಿದ್ಯಾಲಯದ ಹೆಸರು ಕೇಳಿದರೂ ಯುಜಿಸಿಯ ಪಟ್ಟಿಯಲ್ಲಿ ಅದಿದೆಯೇ ಎಂದು ಮೊಬೈಲಿನಲ್ಲೇ ನೋಡಿಕೊಳ್ಳಬಹುದು.

ಇಷ್ಟು ವಿಚಾರಿಸಿಯೂ ಕಡೆಗೆ ಮಗಳು ಎಚ್‌ಇಪಿಯನ್ನೇ ಆರಿಸಿಕೊಂಡರೆ ಧಾರಾಳವಾಗಿ ಆರಿಸಿಕೊಳ್ಳಲಿ. ಆದರೆ ಕಾಕಾನಾಗಲಿ, ಕಂಪ್ಯೂಟರ್ ಮುಂದೆ ಕೂತ ಹುಡುಗನಾಗಲಿ ಅವಳ ಪರವಾಗಿ ಆರಿಸಬಾರದು. ಈಗ ಪಿಯುಸಿಯಲ್ಲಿರುವವರು ಬರುವ ಡಿಸೆಂಬರಿನಿಂದಲೇ ಸಿಯುಇಟಿ ಪ್ರಕಟಣೆಯ ಮೇಲೆ ಕಣ್ಣಿಡಿ, 371(ಜೆ) ಪ್ರಮಾಣಪತ್ರಕ್ಕೆ ಈ ವಾರವೇ ಅರ್ಜಿ ಕೊಡಿ.